ಹನ್ನೊಂದು ವರ್ಷ ಬಿಟ್ಟ ಬೀದಿ ಜಾದೂ ಮತ್ತೆ ಶುರು: ಮೊದಲು ಕೈಯೋ, ಬಾಯೋ?

ಹಳೇಜೋಳಿಗೆ (ಮೈಸೂರು) | ಭಾನುವಾರ, ಬೆಳಿಗ್ಗೆ 8:10
ಎಲ್ಲರಿಗೂ ನಮಸ್ಕಾರ. 11 ವರ್ಷದ ಮೇಲೆ ಬೀದಿ ಜಾದೂಗೆ ವಾಪಸ್ ಬರ್ತಿದ್ದೀನಿ. ಪೆಟ್ಟಿಗೆಯಲ್ಲಿ ಇರೋದು ಇಷ್ಟು: ಮೂರು ಹಿತ್ತಾಳೆ ಬಟ್ಟಲು, ನಾಲ್ಕು ಚೆಂಡು, 10 ಇಂಚಿನ ನಾಲ್ಕು ರಿಂಗು (ಒಂದಕ್ಕೊಂದು ಕೊಂಡಿಯಾಗೋ ಲೋಹದ ಬಳೆ), ಎರಡು ಕಟ್ಟು ಇಸ್ಪೀಟು, ಹತ್ತಿ ಹಗ್ಗ, ಒಂದು ಥಂಬ್ ಟಿಪ್ (ಹೆಬ್ಬೆರಳಿಗೆ ತೊಡೋ ಪ್ಲಾಸ್ಟಿಕ್ ಟೊಪ್ಪಿ), ನೋಟು ಬದಲಾಗೋ ಆಟದ ಒಂದು ಸೆಟ್ಟು. ಕೈ ಬಿಗಿದುಕೊಂಡಿದೆ. ಕ್ಲಾಸಿಕ್ ಪಾಮ್‌ನಲ್ಲಿ (ಅಂಗೈಯೊಳಗೆ ಅಡಗಿಸಿ ಹಿಡಿಯೋದು) ನಾಣ್ಯ ಐದು ಸೆಕೆಂಡೂ ನಿಲ್ತಿಲ್ಲ.
ಗುರಿ: ನಂಜನಗೂಡು ದೊಡ್ಡ ಜಾತ್ರೆ ಹೊತ್ತಿಗೆ 12ರಿಂದ 15 ನಿಮಿಷದ ಒಂದು ಆಟ. ಮೂರೂವರೆ ತಿಂಗಳು ಕೈಯಲ್ಲಿದೆ. ಯಾವುದನ್ನ ಮೊದಲು ಹಿಡೀಲಿ, ಕೈಚಳಕವೋ ಮಾತೋ? ಪೆಟ್ಟಿಗೆಯಲ್ಲಿ ಯಾವುದನ್ನ ಬಿಡ್ಲಿ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಬೆರಳುತುದಿ | 8:42
ಸ್ವಾಗತ ಸಾರ್. ಮೊದಲು ಕೈ. ಆದರೆ ದಿನಕ್ಕೆ ಎರಡು ಗಂಟೆ ಒಟ್ಟಿಗೆ ಕೂರಬೇಡಿ, ಎರಡನೇ ವಾರಕ್ಕೇ ಹೆಬ್ಬೆರಳ ಬುಡ ಊದಿಕೊಳ್ಳುತ್ತೆ. ಮಾಂಸಖಂಡ ಬೇಗ ಹದಕ್ಕೆ ಬರುತ್ತೆ, ಅದನ್ನ ಮೂಳೆಗೆ ಕಟ್ಟಿರೋ ನಾರು ನಿಧಾನ. 15 ನಿಮಿಷದ ಹಾಗೆ ದಿನಕ್ಕೆ ಮೂರು ಸಲ ಸಾಕು. ಶುರು ಮಾಡೋ ಮುಂಚೆ ಬೆಚ್ಚಗಿನ ನೀರಲ್ಲಿ ಎರಡು ನಿಮಿಷ ಕೈ ಅದ್ದಿ. ನೋವು ಬಂದ ತಕ್ಷಣ ಆ ದಿನಕ್ಕೆ ನಿಲ್ಲಿಸಿ.

ಮೊದಲ ಎರಡು ವಾರ ಫಿಂಗರ್ ಪಾಮ್ ಒಂದೇ. ನಾಣ್ಯ ಬೆರಳ ಬುಡದಲ್ಲಿ ಇಟ್ಟುಕೊಂಡೇ ಬಾಗಿಲ ಚಿಲಕ ತೆಗೀರಿ, ಕಾಫಿ ಲೋಟ ಹಿಡೀರಿ, ಕನ್ನಡಕ ಒರೆಸಿ, ಪೇಪರ್ ಮಡಚಿ. ನಾಣ್ಯ ಇದೆ ಅನ್ನೋದನ್ನ ಕೈ ಮರೆಯೋವರೆಗೂ ಮುಂದಕ್ಕೆ ಹೋಗಬೇಡಿ. ಮೂರನೇ ವಾರದಿಂದ ಕ್ಲಾಸಿಕ್ ಪಾಮ್. ನಾಣ್ಯ ಕೂರಬೇಕಾದ್ದು ಹೆಬ್ಬೆರಳ ಬುಡದ ದಿಬ್ಬಕ್ಕೂ ಕಿರುಬೆರಳ ಕಡೆ ದಿಬ್ಬಕ್ಕೂ ನಡುವೆ. ಅಂಗೈ ಗುಳಿಯಲ್ಲಿ ತೀರ ಒಳಗೆ ಅಲ್ಲ, ಬೆರಳ ಕಡೆಗೆ ಸ್ವಲ್ಪ ಮೇಲೆ. ಹಿಂಡಿದರೆ ಹೆಬ್ಬೆರಳು ಸೆಟೆದು ನಿಲ್ಲುತ್ತೆ, ಅದನ್ನ ಮೊದಲ ಸಾಲಿನ ಮಗು ಕೂಡ ಕಂಡುಹಿಡಿಯುತ್ತೆ. ಹಿಡಿತ ಎಷ್ಟು ಕಮ್ಮಿಯೋ ಅಷ್ಟು ಒಳ್ಳೇದು.

ಐದು ಸೆಕೆಂಡೂ ನಿಲ್ತಿಲ್ಲ ಅಂದ್ರಲ್ಲ, ಅದಕ್ಕೆ ಬಲ ಕಾರಣ ಅಲ್ಲ, ಒಣ ಚರ್ಮ. ಒಂದು ಪಾಲು ಗ್ಲಿಸರಿನ್‌ಗೆ ಮೂರು ಪಾಲು ನೀರು ಬೆರೆಸಿ, ಎರಡು ಹನಿ ಅಂಗೈಗೆ ತಿಕ್ಕಿ, ಹತ್ತು ನಿಮಿಷ ಬಿಟ್ಟು ನೋಡಿ.

ಚಿಕ್ಕಗಡಿಯಾರ | 9:05
ನಾನು ಒಪ್ಪಲ್ಲ. ಕೈ ಆರು ವಾರಕ್ಕೆ ತಾನೇ ಬರುತ್ತೆ. ಬಾಯಿ ಬರಲ್ಲ. ಬೀದಿಯಲ್ಲಿ ಆಟ ಕೆಡೋದು ನಾಣ್ಯ ಜಾರಿ ಅಲ್ಲ, ಜನ ನಿಲ್ಲದೆ. ನೂರು ಪಾಮ್ ಗೊತ್ತಿದ್ದು ಎದುರಿಗೆ ನಾಲ್ಕೇ ಜನ ಇದ್ದರೆ ಏನು ಪ್ರಯೋಜನ?

ಬೆರಳುತುದಿ | 9:11
ಜನ ನಿಂತ ಮೇಲೆ ನಾಣ್ಯ ಜಾರಿದರೆ?

ಚಿಕ್ಕಗಡಿಯಾರ | 9:30
ಜಾರಿದ್ದನ್ನ ಬಾಯಿ ಮುಚ್ಚುತ್ತೆ. ಜನ ಇಲ್ಲದ್ದನ್ನ ಯಾವ ಕೈಯೂ ಮುಚ್ಚಲ್ಲ.

ಜನ ಕಟ್ಟೋದರಲ್ಲೂ ಕ್ರಮ ಇದೆ, ಅದನ್ನೂ ಕೈಚಳಕದ ಹಾಗೇ ಅಭ್ಯಾಸ ಮಾಡಬೇಕು. ಬೆನ್ನಿಗೊಂದು ಗೋಡೆ ನೋಡಿಕೊಳ್ಳಿ. ಗೋಡೆಯಿಂದ ನಾಲ್ಕು ಅಡಿ ಮುಂದೆ ನೀವು, ನಿಮ್ಮಿಂದ ಆರೇಳು ಅಡಿ ದೂರಕ್ಕೆ ನೆಲದ ಮೇಲೆ ಬಿಳಿ ಹಗ್ಗ ಅರ್ಧಚಂದ್ರದ ಹಾಗೆ. ಹಗ್ಗ ಹಾಸೋದನ್ನೇ ನಿಧಾನವಾಗಿ, ಮುಖ್ಯ ಕೆಲಸ ಅನ್ನೋ ಥರ ಮಾಡಿ. ಏನೋ ನಡೆಯೋದಿದೆ ಅಂತ ಮೂರ್ನಾಲ್ಕು ಜನ ಆಗಲೇ ನಿಂತಿರ್ತಾರೆ. ಆ ಮೊದಲ ಮೂರು ಜನರನ್ನ ಕೈ ಮಾಡಿ ಹಗ್ಗದ ಹತ್ತಿರಕ್ಕೆ ಕರೀರಿ. ದೂರ ನಿಂತ ಮೂವರು ಗುಂಪಲ್ಲ, ಹಗ್ಗಕ್ಕೆ ಕಾಲು ತಾಗಿಸಿ ನಿಂತ ಮೂವರು ಗುಂಪು. ಮಕ್ಕಳನ್ನ ಹಗ್ಗದ ಒಳಗೆ ನೆಲಕ್ಕೆ ಕೂರಿಸಿ. ಮಗು ಕೂತರೆ ಅಪ್ಪ ಅಮ್ಮ ಎಲ್ಲೂ ಹೋಗಲ್ಲ.

25 ಜನ ಆಗೋವರೆಗೂ ದೊಡ್ಡ ಆಟ ತೆಗೀಬೇಡಿ. ಅಲ್ಲಿಯವರೆಗೆ ಹಗ್ಗ, ರಿಂಗು, ಮಾತು. ರಿಂಗಿನ ಸದ್ದೇ ಮೈಕು ಇದ್ದ ಹಾಗೆ.

ಕಬ್ಬಿನಗದ್ದೆ (ಮಂಡ್ಯ) | 9:58
ಗಡಿಯಾರದಣ್ಣ ಹೇಳಿದ್ದು ದಿಟ. ಇನ್ನೊಂದು ಸೇರಿಸ್ತೀನಿ. ಜನ ಎಲ್ಲಿ ನಿಲ್ತಾರೆ, ಎಲ್ಲಿ ನಿಲ್ಲಲ್ಲ ಅಂತ ಮೊದಲು ತಿಳ್ಕಂಡುಬುಡಿ. ಕೆರೆ ಏರಿ ಮೇಲೆ ವಾಕಿಂಗ್ ಬರೋರು ನಿಲ್ಲಲ್ಲ, ಅವರದ್ದು ಲೆಕ್ಕದ ನಡಿಗೆ. ಮಾರ್ಕೆಟ್ಟಿಗೆ ಒಳಕ್ಕೆ ಹೋಗೋರು ನಿಲ್ಲಲ್ಲ, ಹೊರಕ್ಕೆ ಬರೋರ ಕೈಲಿ ಚೀಲದ ಭಾರ. ನಿಲ್ಲೋದು ಕೆಲಸ ಮುಗಿದು ಇನ್ನೊಂದಕ್ಕೆ ಕಾಯ್ತಿರೋರು. ದರ್ಶನ ಆದ ಮೇಲೆ, ಊಟ ಆದ ಮೇಲೆ, ಬಸ್ಸು ಬರೋಕೆ ಮುಂಚೆ. ಜಾತ್ರೇಲಿ ದೇವಸ್ಥಾನದ ಮುಂದಕ್ಕಿಂತ ಅಲ್ಲಿಂದ ಬಸ್‌ಸ್ಟ್ಯಾಂಡಿಗೆ ಹೋಗೋ ದಾರೀಲಿ ನಿಂತ್ಕಳಿ.
ನಂಜನಗೂಡಲ್ಲಿ ಪಂಚ ಮಹಾರಥೋತ್ಸವದ ದಿನಾನೇ ಬ್ಯಾಡ. ಐದು ತೇರು, ಗೌತಮ ರಥ ಎಳೆಯೋವಾಗ ಜನ ಹೊಳೆ ಥರ ಹರೀತಾರೆ, ನಿಂತ ನೀರೇ ಇರಕಿಲ್ಲ. ಹಿಂದಿನ ದಿನ ಇಲ್ಲ ಮಾರನೇ ದಿನ ಇಟ್ಕಳಿ.

ಹಳೇಜೋಳಿಗೆ | 10:20
ಕಬ್ಬಿನಗದ್ದೆಯವರೇ, ತುಂಬಾ ಉಪಕಾರ. ರಥದ ದಿನ ಬಿಟ್ಟೆ. ಬೆರಳುತುದಿ ಸಾರ್, ಗ್ಲಿಸರಿನ್ ಇವತ್ತೇ ತರ್ತೀನಿ. ನಾಣ್ಯ ಯಾವುದು ಹಿಡೀಲಿ? ಮುಂಚೆ ಬಳಸ್ತಿದ್ದದ್ದು ಹಳೇ 1 ರೂಪಾಯಿಯ ದೊಡ್ಡ ಸ್ಟೀಲ್ ನಾಣ್ಯ.

ತೂಕದಕಲ್ಲು | 10:47
ಇದಕ್ಕೆ ಲೆಕ್ಕ ಕೊಡ್ತೀನಿ. ಆ ಹಳೇ 1 ರೂಪಾಯಿ 25 ಮಿಮೀ. 2011ರ ಸರಣಿಯಲ್ಲಿ ಅದು 22 ಮಿಮೀ ಆಯ್ತು, 2019ರ ಸರಣಿಯಲ್ಲಿ 20 ಮಿಮೀ, 3.09 ಗ್ರಾಂ. ಅಂಗೈಗೆ ಅದು ಅಂಗಿ ಗುಂಡಿ ಇದ್ದ ಹಾಗೆ. ಈಗಿನ ಸರಣಿಯಲ್ಲಿ 25 ಮಿಮೀಗಿಂತ ದೊಡ್ಡದು ಎರಡೇ: 10 ರೂಪಾಯಿ, 27 ಮಿಮೀ, ಸುಮಾರು 7.7 ಗ್ರಾಂ, 20 ರೂಪಾಯಿ, ಅದೂ 27 ಮಿಮೀ, 8.54 ಗ್ರಾಂ, ಹನ್ನೆರಡು ಮೂಲೆ. ಇಂಗ್ಲಿಷ್ ವಿಡಿಯೋಗಳಲ್ಲಿ ಬರೋ ಅಮೆರಿಕದ ಅರ್ಧ ಡಾಲರ್ 30.6 ಮಿಮೀ, 11.34 ಗ್ರಾಂ. ಅವರ ಕೈಯ ಅಳತೆ ನೋಡಿ ನಮ್ಮ ನಾಣ್ಯದಲ್ಲಿ ಬರಲಿಲ್ಲ ಅಂತ ಕೊರಗೋದು ಬೇಡ.

ಪಾಮ್‌ಗೆ 20 ರೂಪಾಯಿ ಒಳ್ಳೇದು, ಮೂಲೆ ಚರ್ಮಕ್ಕೆ ಕಚ್ಚಿಕೊಳ್ಳುತ್ತೆ. ಜನರ ಕಣ್ಣಿಗೆ ಮಾತ್ರ 10 ರೂಪಾಯಿ ಒಳ್ಳೇದು, ಹೊರಗಿನ ಹಳದಿ ಬಳೆ ದೂರಕ್ಕೆ ಹೊಳೆಯುತ್ತೆ. ಎರಡರಲ್ಲೂ ಅಭ್ಯಾಸ ಮಾಡಿ. ಒಂದು ಎಚ್ಚರಿಕೆ: ಎರಡನ್ನ ಒಂದೇ ಕೈಯಲ್ಲಿ ಇಟ್ಟುಕೊಂಡ್ರೆ ಸದ್ದು ಬರುತ್ತೆ. ನಾಣ್ಯ ಮಾಯ ಮಾಡೋವಾಗ ಅಡಗಿಸಿದ ಕೈಯಲ್ಲಿ ಒಂದೇ ಇರಲಿ.

ನಾಣ್ಯ ಕೊರೆಸಿ ಚಿಪ್ಪು (ಇನ್ನೊಂದು ನಾಣ್ಯದ ಮೇಲೆ ಕೂರೋ ಟೊಳ್ಳು ನಾಣ್ಯ) ಮಾಡಿಸೋ ಯೋಚನೆ ಇದ್ದರೆ ಬಿಟ್ಟುಬಿಡಿ. 2011ರ ನಾಣ್ಯ ಕಾಯ್ದೆ ಪ್ರಕಾರ ನಾಣ್ಯ ಕರಗಿಸೋದು, ನಾಶ ಮಾಡೋದು ಅಪರಾಧ. ಏಳು ವರ್ಷದವರೆಗೂ ಜೈಲು ಇದೆ. ಚಿಪ್ಪಿಲ್ಲದೆ ಆಗೋ ಆಟ ಬೇಕಾದಷ್ಟಿವೆ.

ಬೆರಳುತುದಿ | 10:55
ಒಳ್ಳೇ ಮಾಹಿತಿ. ನೋಟಿನ ಸೆಟ್ಟೂ ಈಗ ಉಪಯೋಗಕ್ಕೆ ಬರಲ್ಲ ಅಲ್ವಾ?

ತೂಕದಕಲ್ಲು | 11:02
ಬರಲ್ಲ. ಹಳೇ 500ರ ನೋಟು 167 × 73 ಮಿಮೀ ಇತ್ತು, ಈಗಿನದು 150 × 66. ಹೊಸ 100 ರೂಪಾಯಿ 142 × 66. ಹಳೇ ಅಳತೆಗೆ ಮಡಚಿ ಅಂಟಿಸಿದ ಸೆಟ್ಟಲ್ಲಿ ಹೊಸ ನೋಟು ಇಟ್ಟರೆ ಅಂಚಲ್ಲಿ ಹಳೇದು ಇಣುಕುತ್ತೆ. 2016ರ ನವೆಂಬರ್‌ನಲ್ಲಿ ಹಳೇ 500 ಹೋದ ಮೇಲೆ ಅದನ್ನ ಜನರ ಮುಂದೆ ತೆಗೆದರೆ ಆಟಕ್ಕಿಂತ ಆ ನೋಟಿನ ಮೇಲೇ ಮಾತು ಶುರುವಾಗುತ್ತೆ. ಇನ್ನೊಂದು, ಈಗ ಬೀದಿಯಲ್ಲಿ ಸಾಲ ಕೇಳಿದರೆ ನೋಟು ಸಿಗೋದೇ ಕಷ್ಟ. ಎಲ್ಲರ ಜೇಬಲ್ಲೂ ಫೋನು. 'ಯಾರಾದ್ರೂ ಒಂದು ನೂರು ರೂಪಾಯಿ ಕೊಡಿ' ಅಂತ ಶುರುವಾಗೋ ಆಟನೆಲ್ಲ ಪಟ್ಟಿಯಿಂದ ತೆಗೀರಿ.

ಮೂರುಬಟ್ಟಲು | 11:40
ಪೆಟ್ಟಿಗೆ ಪಟ್ಟಿ ನೋಡಿದೆ. ನನ್ನ ಅಭಿಪ್ರಾಯ ನೇರವಾಗಿ: ಇಸ್ಪೀಟು ಬಿಡಿ, ಬಟ್ಟಲು-ಚೆಂಡು ಇಟ್ಟುಕೊಳ್ಳಿ. ಆಟೀನ್ ರಾಣಿಯೋ ಕಳಾವರ್ ಗುಲಾಮನೋ ಅನ್ನೋದು ಮೂರನೇ ಸಾಲಿನವರಿಗೆ ಕಾಣಲ್ಲ. ಅದೂ ಅಲ್ಲದೆ ಬೀದಿಯಲ್ಲಿ ಎಲೆ ಬಿಚ್ಚಿದರೆ ಜೂಜು ಅಂತ ಅನುಮಾನ ಬರುತ್ತೆ. ಮೂರೆಲೆ ಆಟ, ಬಟ್ಟಲ ಕೆಳಗೆ ಚೆಂಡೆಲ್ಲಿ ಅಂತ ಪಂದ್ಯ ಕಟ್ಟಿಸೋ ಆಟ, ಇವೆರಡೂ ಬೇಡವೇ ಬೇಡ. ಕರ್ನಾಟಕ ಪೊಲೀಸ್ ಕಾಯ್ದೆ, 1963ರಲ್ಲಿ ಜೂಜಿಗೆ ಕಲಂಗಳೇ ಇವೆ. ಪಂದ್ಯ ಇಲ್ಲದಿದ್ರೂ ನೋಡೋರಿಗೆ ವ್ಯತ್ಯಾಸ ತಿಳಿಯಲ್ಲ.

ಇನ್ನು ಬಟ್ಟಲು. ಬಾಯಿ ಎಷ್ಟಗಲ, ತಳ ಹೇಗಿದೆ ನೋಡಿ. ಬಾಯಿ ಮೂರು ಇಂಚಾದ್ರೂ ಇರಬೇಕು, ಇಲ್ಲಾಂದ್ರೆ ಕೊನೆಯಲ್ಲಿ ಬರೋ ದೊಡ್ಡ ಲೋಡ್ (ಬಟ್ಟಲೊಳಗೆ ಗುಟ್ಟಾಗಿ ಸೇರಿಸೋ ವಸ್ತು) ಸಿಕ್ಕಿಕೊಳ್ಳುತ್ತೆ. ತಳ ಒಳಕ್ಕೆ ತಗ್ಗಿರಬೇಕು, ಬೋರಲು ಹಾಕಿದಾಗ ಚೆಂಡು ಅದರ ಮೇಲೆ ಉರುಳದೆ ಕೂರಬೇಕು. ಚೆಂಡು ಇಟ್ಟು ಮೇಲೆ ಇನ್ನೊಂದು ಬಟ್ಟಲು ಕವುಚಿ: ಮೇಲಿನದು ಅಲುಗಾಡದೆ ಪೂರ್ತಿ ಕೂತರೆ ಸರಿ, ಎತ್ತರಕ್ಕೆ ನಿಂತರೆ ಚೆಂಡು ದಪ್ಪ. ಮುಕ್ಕಾಲು ಇಂಚಿನ ಚೆಂಡಿಂದ ಶುರು ಮಾಡಿ. ಅಡುಗೆಮನೆ ಸ್ಟೀಲ್ ಲೋಟ ಇದಕ್ಕೆ ಆಗಲ್ಲ, ತಳ ಚಪ್ಪಟೆ, ಒಂದರೊಳಗೊಂದು ಕಚ್ಚಿಕೊಳ್ಳುತ್ತೆ.

ಚೆಂಡು ಬಿರಡೆ ಮೇಲೆ ಹತ್ತಿ ನೂಲು ಸುತ್ತಿದ್ದಾದರೆ ಹಿಡಿತ ಇರುತ್ತೆ, ಆದರೆ ಬಿರಡೆ ಹಿತ್ತಾಳೆಗೆ ತಾಗಿದರೆ 'ಟಿಕ್' ಅನ್ನುತ್ತೆ. ಆ ಟಿಕ್ ಬೇಡದ ಬಟ್ಟಲಲ್ಲಿ ಕೇಳಿದರೆ ಆಟ ಮುಗೀತು. ಮೂರು ಪದರ ಉಣ್ಣೆ ಸುತ್ತಿ.

ಬೊಂಬೆಮರ | 12:15
ಹಿತ್ತಾಳೆ ಬಿಸಿಲಿಗೆ ಕಾಯುತ್ತೆ, ಹೊಳಪು ಕಣ್ಣಿಗೆ ಹೊಡೆಯುತ್ತೆ. ನಮ್ಮ ಕಡೆ ಗಾರುಡಿಗರು, ಸುಡುಗಾಡು ಸಿದ್ಧರು ಕೂತು ಆಡೋ ಪದ್ಧತಿಯಲ್ಲಿ ಬಟ್ಟಲೇ ಬೇರೆ: ಗಿಡ್ಡ, ಮೇಲೆ ಒಂದು ಗುಬ್ಬಿ, ಆ ಗುಬ್ಬಿಯನ್ನ ತೋರುಬೆರಳು ನಡುಬೆರಳ ಸಂದಿಯಲ್ಲಿ ಹಿಡಿದು ಎತ್ತೋದು. ಹಾಗೆ ಎತ್ತಿದಾಗ ಉಳಿದ ಬೆರಳು ಬಟ್ಟಲ ಬಾಯಿಗೇ ಬರುತ್ತೆ, ಅದೇ ಅದರ ಅನುಕೂಲ. ಚನ್ನಪಟ್ಟಣದಲ್ಲಿ ಆಲೆ ಮರ ಕಡೆದು ಅರಗಿನ ಬಣ್ಣ ಕೂರಿಸೋರು ಅಳತೆ ಕೊಟ್ಟರೆ ಮಾಡಿಕೊಡ್ತಾರೆ. ಬಾಯಿ 3 ಇಂಚು, ಎತ್ತರ ಎರಡೂಕಾಲು, ಗುಬ್ಬಿ ಮುಕ್ಕಾಲು ಇಂಚು, ಗೋಡೆ ದಪ್ಪ 3-4 ಮಿಮೀ. ಒಳಗಡೆಗೆ ಅರಗು ಬೇಡ ಅಂತ ಹೇಳಿ, ಕಪ್ಪು ಬಟ್ಟೆ ಅಂಟಿಸಿಕೊಳ್ಳಿ.

ಮೂರುಬಟ್ಟಲು | 12:22
ಕೂತು ಆಡೋದು ಈಗ ಕಷ್ಟ ಸ್ವಾಮಿ. ನೀವು ನೆಲದಲ್ಲಿ, ಜನ ನಿಂತು ಮೇಲಿಂದ ನೋಡ್ತಾರೆ. ಎರಡನೇ ಸಾಲು ಆದ ಮೇಲೆ ಯಾರಿಗೂ ಏನೂ ಕಾಣಲ್ಲ, ಮೇಲಿಂದ ಮಡಿಲು ಮಾತ್ರ ಚೆನ್ನಾಗಿ ಕಾಣುತ್ತೆ.

ಬೊಂಬೆಮರ | 12:31
ಅದಕ್ಕೇ ಮುಂದಿನ ಸಾಲು ಕೂರಿಸೋದು, ಎರಡನೇದು ಕುಕ್ಕರಗಾಲು, ಮೂರನೇದು ನಿಂತು. ಪದ್ಧತಿ ತಪ್ಪಲ್ಲ, ಜನರನ್ನ ಕೂರಿಸೋಕೆ ಬಾರದಿದ್ರೆ ಮಾತ್ರ ಕಷ್ಟ.

ಚಿಕ್ಕಗಡಿಯಾರ | 12:35
ನೋಡಿದ್ರಾ? ಮತ್ತೆ ಬಾಯಿಗೇ ಬಂತು.

ಮೂರುಬಟ್ಟಲು | 12:58
ಸರಿ, ಜೋಳಿಗೆಯವರಿಗೆ ನನ್ನ ಸಲಹೆ ನಿಂತು ಆಡೋದು. ಮಡಚೋ ಮೇಜು, ಎತ್ತರ ಹೊಕ್ಕುಳಿಗಿಂತ ಎರಡು ಬೆರಳು ಕೆಳಗೆ. ಸೊಂಟಕ್ಕೆ ಬಟ್ಟೆ ಚೀಲ, ಬಾಯಿಗೆ ಒಂದು ತಂತಿ ಹೊಲಿಸಿ ತೆರೆದೇ ಇರೋ ಹಾಗೆ ಮಾಡಿಸಿ. ಲೋಡ್ ತೆಗೆಯೋ ಕೈ ಚೀಲಕ್ಕೆ ಹೋಗೋಕೆ ಒಂದು ಕಾರಣ ಬೇಕು. ಅದಕ್ಕೇ ಜಾದೂ ಕೋಲು ಇರೋದು. ಕೋಲನ್ನ ಕಂಕುಳಲ್ಲಿ ಇಡೋದು, ತೆಗೆಯೋದು, ಚೀಲಕ್ಕೆ ಹಾಕೋದು ಆಟದ ಮೊದಲ ನಿಮಿಷದಿಂದ ಐದಾರು ಸಲ ಸುಮ್ಮಸುಮ್ಮನೆ ಮಾಡಿ. ಆಮೇಲೆ ನಿಜವಾಗಿ ಬೇಕಾದಾಗ ಯಾರೂ ನೋಡಲ್ಲ.

ಕನಕಾಂಬರ | ಮಧ್ಯಾಹ್ನ 2:10
ಕೊನೆಗೆ ಲೋಡ್ ಏನು ಇಡ್ತೀರಿ? ಎಲ್ಲರೂ ನಿಂಬೆಹಣ್ಣು ಅಂತಾರೆ. ಅಳತೆ ಸರಿ, ಸದ್ದಿಲ್ಲ, ಬಣ್ಣ ಚೆನ್ನ. ಆದ್ರೆ ನಮ್ಮ ಜನರ ಮುಂದೆ, ಅದೂ ದೇವಸ್ಥಾನದ ಹತ್ತಿರ, ಬಟ್ಟಲ ಕೆಳಗಿಂದ ನಿಂಬೆಹಣ್ಣು ಬಂದರೆ ಮಾಟ ಅಂತ ಮುಖ ಬದಲಾಗುತ್ತೆ. ಮಕ್ಕಳನ್ನ ಹಿಂದಕ್ಕೆ ಎಳ್ಕೊಳ್ತಾರೆ. ಚಪ್ಪಾಳೆ ಬೀಳಬೇಕಾದ ಜಾಗದಲ್ಲಿ ಮೌನ.

ಈರುಳ್ಳಿ, ಆಲೂಗಡ್ಡೆ ಆಗಬಹುದು, 5 ಸೆಂಮೀ ಒಳಗಿನದು. ಟೊಮೇಟೊ ಬೇಡ, ಚೀಲದಲ್ಲೇ ಒಡೆಯುತ್ತೆ. ನನ್ನ ಕೇಳಿದ್ರೆ ಮೂರನೇ ಬಟ್ಟಲಲ್ಲಿ ಹೂವು ಇಡಿ. ಮಲ್ಲಿಗೆ ಅಲ್ಲ! ಮೈಸೂರು ಮಲ್ಲಿಗೆ ಅಂತ ಎಲ್ಲರಿಗೂ ಮೊದಲು ಹೊಳೆಯೋದು ಅದೇ, ಆದರೆ ಚೀಲದ ಬಿಸಿಗೆ ಅರಳಿ ಘಮ ಅಂತ ಮೊದಲೇ ಹೊರಗೆ ಬರುತ್ತೆ. ಮುಂದೆ ಕೂತ ಹೆಂಗಸರು ಆಟ ಮುಗಿಯೋ ಮುಂಚೆನೇ 'ಎಲ್ಲೋ ಮಲ್ಲಿಗೆ ಇದೆ' ಅಂತಾರೆ. ಜೊತೆಗೆ ಒಂದು ಗಂಟೆಗೆಲ್ಲ ಎಸಳಿನ ಅಂಚು ಕಂದುತ್ತೆ. ಕನಕಾಂಬರಕ್ಕೆ ವಾಸನೆ ಇಲ್ಲ, ತೂಕ ಇಲ್ಲ, ಹಿಂಡಿದರೂ ಬಿಟ್ಟ ತಕ್ಷಣ ಉಬ್ಬಿಕೊಳ್ಳುತ್ತೆ. ಒತ್ತಾಗಿ ಕಟ್ಟಿದ ಒಂದು ಮೊಳ ಸುರುಳಿ ಸುತ್ತಿದರೆ ಮೂರು ಇಂಚಿನ ಬಾಯಿಗೆ ಸರಿಯಾಗಿ ಕೂರುತ್ತೆ. ಒದ್ದೆ ಬಾಳೆ ಎಲೆಯಲ್ಲಿ ಸುತ್ತಿಟ್ಟು, ಆಟಕ್ಕೆ ಹತ್ತು ನಿಮಿಷ ಮುಂಚೆ ಚೀಲಕ್ಕೆ ಹಾಕಿ. ಬಟ್ಟಲು ಎತ್ತಿದಾಗ ಆ ಕಿತ್ತಳೆ ಕೆಂಪು ಸುರುಳಿ ತಾನಾಗೇ ಬಿಚ್ಚಿಕೊಳ್ಳೋದನ್ನ ನೋಡಬೇಕು. ಅದನ್ನ ಮುಂದಿನ ಸಾಲಿನ ಅಜ್ಜಿಗೋ ಪುಟ್ಟ ಹುಡುಗಿಗೋ ಕೊಡಿ.

ಹಳೇಜೋಳಿಗೆ | 2:25
ಕನಕಾಂಬರದವರೇ, ಇದು ನನಗೆ ಹೊಳೆದೇ ಇರಲಿಲ್ಲ. ಖಂಡಿತ ಮಾಡ್ತೀನಿ.

ಗಾರುಡಿ_ಮನೆತನ | 3:00
ನಿಂಬೆಹಣ್ಣಿಗೆ ಹೆದರ್ತಾರೆ ಅಂದ್ರೆ ಒಳ್ಳೇದೇ ಅಲ್ವಾ? ಹಿಂದೆ 'ಆಟ ಮುಗಿಯೋ ತನಕ ಯಾರೂ ಕದಲಬೇಡಿ, ಕದಲಿದರೆ ರಕ್ತ ಕಾರ್ತೀರಿ' ಅಂತ ಹೇಳಿಯೇ ಜನರನ್ನ ನಿಲ್ಲಿಸ್ತಿದ್ರು. ಬುರುಡೆ, ಕುಂಕುಮ ಎಲ್ಲ ಆಟದ ಅಂಗ. ಅದನ್ನೆಲ್ಲ ತೆಗೆದರೆ ಉಳಿಯೋದೇನು?

ಚಿಕ್ಕಗಡಿಯಾರ | 3:09
ಉಳಿಯೋದು ಆಟ. ಹೆದರಿಸಿ ನಿಲ್ಲಿಸಿದ ಜನ ಹೆದರಿ ದುಡ್ಡು ಹಾಕ್ತಾರೆ, ಮತ್ತೆ ಆ ಕಡೆ ಬರಲ್ಲ.

ಮೂರುಬಟ್ಟಲು | 3:16
ಮನೆತನದವರೇ, ನಿಮ್ಮ ಮೇಲೆ ಗೌರವ ಇಟ್ಟೇ ಹೇಳ್ತೀನಿ. ವಿದ್ಯೆ ಉಳಿಸಿಕೊಂಡು ಬಂದೋರು ಅಲೆಮಾರಿ ಸಮುದಾಯದವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಾಪದ ಮಾತು ಈಗ ಅಪಾಯ. ಮಾಟ-ಮಂತ್ರದ ವಿರುದ್ಧ 2017ರ ಕಾಯ್ದೆ ನಮ್ಮ ರಾಜ್ಯದಲ್ಲಿದೆ. ಕೈಚಳಕ ತೋರಿಸೋದಕ್ಕೆ ಅಡ್ಡಿ ಇಲ್ಲ, ದೈವಶಕ್ತಿ ಇದೆ ಅಂತ ಹೇಳಿ ಹೆದರಿಸಿ ದುಡ್ಡು ಕೀಳೋದು ಬೇರೆ ವಿಷಯ. 'ಇದು ಮಂತ್ರ ಅಲ್ಲ, ಕೈ' ಅಂತ ಶುರುವಿನಲ್ಲೇ ಒಂದು ಮಾತು ಹೇಳಿಬಿಡಿ. ಕೈ ಅಂತ ಗೊತ್ತಿದ್ದೂ ಹಿಡಿಯೋಕೆ ಆಗಲಿಲ್ಲ ಅನ್ನೋದೇ ದೊಡ್ಡ ಬೆರಗು.

ಗಾರುಡಿ_ಮನೆತನ | 3:40
ಸರಿ, ಶಾಪದ ಮಾತು ಬಿಡೋಣ. ಆದರೆ ಲಯ ಬಿಡಬೇಡಿ. ಹಳೇ ಗಾರುಡಿ ಮಾತಿಗೆ ಒಂದು ಓಟ ಇರುತ್ತೆ: ಮೂರು ಸಣ್ಣ ಮಾತು, ಒಂದು ಉದ್ದ ಮಾತು, ಒಂದು ಪ್ರಶ್ನೆ. 'ಖಾಲಿ ಬಟ್ಟಲು. ಖಾಲಿ ಕೈ. ಖಾಲಿ ಜೇಬು. ಖಾಲಿ ಹೊಟ್ಟೆ ಮಾತ್ರ ನಿಮ್ಮದೂ ನಮ್ಮದೂ ಒಂದೇ ಅಲ್ವಾ ಅಣ್ಣಾ?' ಪ್ರಶ್ನೆ ಕೇಳಿದಾಗ ಜನ ಮುಖ ನೋಡ್ತಾರೆ. ಕೆಲಸ ನಡೆಯಬೇಕಾದ್ದು ಆಗಲೇ. ಮಾತನ್ನ ಕಾಗದದ ಮೇಲೆ ಬರೆದು, ಯಾವ ಪದದ ಮೇಲೆ ಕೈ ಓಡಬೇಕು ಅಂತ ಕೆಂಪಲ್ಲಿ ಗುರುತು ಹಾಕಿ. ಕೈಯೂ ಬಾಯೂ ಬೇರೆ ಬೇರೆ ಕಲಿತರೆ ಜೊತೆಗೆ ಬಂದಾಗ ಎಡವುತ್ತೆ.

ಬೆರಳುತುದಿ | 3:52
ಇದು ಇಡೀ ಚರ್ಚೆಯಲ್ಲೇ ಒಳ್ಳೇ ಮಾತು. ನಾನೂ ಗಡಿಯಾರದವರೂ ಬೆಳಿಗ್ಗೆಯಿಂದ ಸುಮ್ಮನೆ ಜಗಳ ಆಡಿದ್ವಿ.

ಚಿಕ್ಕಗಡಿಯಾರ | 3:55
ಒಪ್ಪಿದೆ. ಆದರೂ ಬಾಯೇ ಒಂದು ಕೈ ಮೇಲು.

ಎಕ್ಕರಾಜ | 4:20
ಇಸ್ಪೀಟು ಬೇಡ ಅಂದ್ರಲ್ಲ, ಮೈಸೂರು ಗಂಜೀಫಾ ಎಲೆ ಬಳಸಬಹುದಾ? ದುಂಡಗೆ, ಚಿತ್ರ ಸುಂದರ, ನಮ್ಮೂರದ್ದು.

ತೂಕದಕಲ್ಲು | 4:34
ಆಸೆ ಚೆನ್ನಾಗಿದೆ, ಕೆಲಸ ಆಗಲ್ಲ. ದಶಾವತಾರ ಗಂಜೀಫಾದಲ್ಲಿ 120 ಎಲೆ, ಹತ್ತು ಬಣ್ಣ, ಒಂದಕ್ಕೆ ಹನ್ನೆರಡು. ಮುಮ್ಮಡಿ ಕೃಷ್ಣರಾಜ ಒಡೆಯರು ರೂಪಿಸಿದ ಚದ ಆಟಗಳಲ್ಲಿ ಇನ್ನೂ ದೊಡ್ಡ ಕಟ್ಟುಗಳಿವೆ. ಡಬಲ್ ಲಿಫ್ಟ್‌ಗೆ (ಎರಡು ಎಲೆಯನ್ನ ಒಂದೇ ಅನ್ನೋ ಹಾಗೆ ಎತ್ತೋದು) ಮೂಲೆ ಬೇಕು, ದುಂಡು ಎಲೆಗೆ ಮೂಲೆ ಎಲ್ಲಿಂದ ಬರಬೇಕು? ಕೈಯಲ್ಲಿ ಬರೆದ ಎಲೆ ದಪ್ಪ, ಒಂದೊಂದು ಒಂದೊಂದು ಥರ, ಬೆಲೆಯೂ ಜಾಸ್ತಿ. ಬೀದಿ ಧೂಳಿಗೆ ತರೋ ವಸ್ತು ಅದಲ್ಲ.

ಎಕ್ಕರಾಜ | 4:37
ಅರ್ಥ ಆಯ್ತು. ಒಂದೇ ಎಲೆಯನ್ನ ಭವಿಷ್ಯ ಹೇಳೋ ಆಟದ ಕೊನೆಗೆ ತೋರಿಸೋದಾದ್ರೆ?

ತೂಕದಕಲ್ಲು | 4:41
ಅದು ಆಗುತ್ತೆ. ಮನೆ ಒಳಗಿನ ಕಾರ್ಯಕ್ರಮಕ್ಕೆ ಇಟ್ಟುಕೊಳ್ಳಿ.

ಕಬ್ಬಿನಗದ್ದೆ (ಮಂಡ್ಯ) | 5:05
ಹಗ್ಗದ ಬಗ್ಗೆ ಯಾರೂ ಹೇಳ್ಲೇ ಇಲ್ವಲ್ಲ. ಮೂರು ಹಗ್ಗ ಒಂದೇ ಉದ್ದ ಆಗೋ ಆಟಕ್ಕೆ ಲೆಕ್ಕ ಇಷ್ಟೇ: ಉದ್ದದ್ದೂ ಗಿಡ್ಡದ್ದೂ ಸೇರಿಸಿದ್ರೆ ನಡುವಿನದರ ಎರಡರಷ್ಟು ಬರಬೇಕು. 100, 65, 30 ಸೆಂಮೀ. ಹಗ್ಗ ದಪ್ಪ ಇದ್ರೆ ಉದ್ದದ್ದಕ್ಕೆ 2-3 ಸೆಂಮೀ ಜಾಸ್ತಿ ಬುಡಿ. 8 ಮಿಮೀ ಹತ್ತಿ ಹಗ್ಗ, ಒಳಗಿನ ತಿರುಳು ಎಳೆದು ಹಾಕಿ, ಆಗ ಮೆತ್ತಗೆ ಬೀಳ್ತದೆ. ತುದಿಗೆ ಫೆವಿಕಾಲ್ ಹಚ್ಚಿ ಒಂದು ರಾತ್ರಿ ಒಣಗಿಸಿ, ಇಲ್ದಿದ್ರೆ ಎರಡೇ ದಿನಕ್ಕೆ ಪೊರಕೆ ಆಯ್ತದೆ. ನೈಲಾನ್ ಬ್ಯಾಡ, ಮಡಚಿದ ಆಕಾರ ನೆನಪಿಟ್ಕಂಡು ಬಳುಕ್ತದೆ. ಹೆಂಗೆ ಅನ್ನೋ ಗುಟ್ಟು ಇಲ್ಲಿ ಬರೆಯಕಿಲ್ಲ, ಜೋಳಿಗೆಯಣ್ಣಂಗೆ ಗೊತ್ತೇ ಇರ್ತದೆ.

ಓದುಗ_ಹೊಸಬ | 5:12
ಗೊತ್ತಿಲ್ಲದವರಿಗೆ ಹೇಳಿದ್ರೆ ಏನಾಗುತ್ತೆ? ವಿಡಿಯೋದಲ್ಲಿ ಎಲ್ಲ ಇದೆಯಲ್ಲ.

ಮೂರುಬಟ್ಟಲು | 5:20
ಹುಡುಕಿಕೊಂಡು ಹೋಗಿ ಕಲಿಯೋರಿಗೆ ಅಡ್ಡಿ ಇಲ್ಲ ಕಣಪ್ಪ. ಸುಮ್ಮನೆ ಓದಿಕೊಂಡು ಹೋಗೋರ ಕಣ್ಣಿಗೆ ಬಿದ್ದರೆ ನಾಳೆ ಬೀದಿಯಲ್ಲಿ ಆಡೋವಾಗ ಒಬ್ಬ ಕೂಗಿಬಿಡ್ತಾನೆ. ಆ ಹೊತ್ತಿನ ಊಟ ಹೋಗೋದು ಆಡೋರದ್ದು. ಅಳತೆ ಹೇಳೋಣ, ಬಿಗಿ ಎಲ್ಲಿ ಅಂತ ಹೇಳೋಣ, ಗುಟ್ಟು ಎದುರಿಗೆ ಕೂತು ಕಲಿಸೋಣ.

ಓದುಗ_ಹೊಸಬ | 5:24
ಸರಿ ಅಣ್ಣ.

ಮೂರನೇಕಣ್ಣು | 6:00
11 ವರ್ಷದಲ್ಲಿ ಎಲ್ಲಕ್ಕಿಂತ ಹೆಚ್ಚು ಬದಲಾದದ್ದು ಮೊಬೈಲ್ ಕ್ಯಾಮೆರಾ. ಪಕ್ಕದಿಂದ, ತಲೆ ಮೇಲಿಂದ ಕೈ ಎತ್ತಿ ಹಿಡಿದು, ನಿಧಾನ ಚಲನೆಯಲ್ಲಿ ತೆಗೀತಾರೆ. ಬೇಡ ಅನ್ನೋಕಾಗಲ್ಲ. ಆದ್ದರಿಂದ ಕೆಲಸ ನಡೆಯೋ ಹೊತ್ತಿಗೂ ಫಲ ಕಾಣೋ ಹೊತ್ತಿಗೂ ನಡುವೆ 10-15 ಸೆಕೆಂಡ್ ಅಂತರ ಇರೋ ಆಟ ಆರಿಸಿ. ಫ್ರೆಂಚ್ ಡ್ರಾಪ್ (ನಾಣ್ಯ ಇನ್ನೊಂದು ಕೈಗೆ ತಗೊಂಡ ಹಾಗೆ ನಟಿಸೋದು) ಥರದ್ದು ಕ್ಯಾಮೆರಾ ಮುಂದೆ ಬೇಗ ಸಿಕ್ಕಿಬೀಳುತ್ತೆ.

ಅಭ್ಯಾಸಕ್ಕೆ ಕನ್ನಡಿಗಿಂತ ಫೋನ್ ವಾಸಿ. ಕನ್ನಡಿ ಮುಂದೆ ಕೈ ಓಡೋ ಕ್ಷಣಕ್ಕೆ ಸರಿಯಾಗಿ ನಮ್ಮ ಕಣ್ಣು ರೆಪ್ಪೆ ಹೊಡೆಯುತ್ತೆ, ತಪ್ಪು ನಮಗೇ ಕಾಣಲ್ಲ. ಮೂರು ಕಡೆಯಿಂದ ತೆಗೀರಿ: ಎದುರಿಂದ, ಎಡಗಡೆ ಓರೆಯಿಂದ, ಕೂತ ಮಗುವಿನ ಕಣ್ಣಿನ ಎತ್ತರದಿಂದ. ಮೂರನೇದರಲ್ಲೇ ಹೆಚ್ಚು ತಪ್ಪು ಸಿಗೋದು. ಮೊದಲ ಸಲ ಸದ್ದು ಮುಚ್ಚಿ ನೋಡಿ, ಎರಡನೇ ಸಲ ಕಣ್ಣು ಮುಚ್ಚಿ ಬರೀ ಸದ್ದು ಕೇಳಿ. ಕೈ ಓಡುವಾಗ ಮಾತು ನಿಂತರೆ ಅಲ್ಲಿ ಇನ್ನೂ ಅಭ್ಯಾಸ ಬೇಕು ಅಂತ.

ಥಂಬ್ ಟಿಪ್ ಬಣ್ಣದ ಬಗ್ಗೆ ಚಿಂತೆ ಬೇಡ, ಹೊಳಪಿನ ಬಗ್ಗೆ ಚಿಂತೆ ಮಾಡಿ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಪ್ಲಾಸ್ಟಿಕ್ ಮಿಂಚುತ್ತೆ. 400 ನಂಬರ್ ಮರಳು ಕಾಗದದಲ್ಲಿ ಹಗುರವಾಗಿ ಉಜ್ಜಿ. 11 ವರ್ಷದ ಹಳೇದಾದರೆ ಗಟ್ಟಿಯಾಗಿರುತ್ತೆ, ಒತ್ತಿ ನೋಡಿ, ಬಿರುಕಿದ್ದರೆ ಎಸೀರಿ.

ಬಿಸಿಲುಗಾಳಿ | 6:18
ಬಿಸಿಲು ಅಂದಾಗ ನೆನಪಾಯ್ತು. ಸೂರ್ಯ ನಿಮ್ಮ ಬೆನ್ನಿಗಿದ್ದರೆ ಜನರ ಕಣ್ಣಿಗೆ ಹೊಡೆಯುತ್ತೆ, ಎರಡೇ ನಿಮಿಷಕ್ಕೆ ಹೊರಡ್ತಾರೆ. ನಿಮ್ಮ ಮುಖಕ್ಕಿದ್ದರೆ ನಿಮಗೆ ಯಾರೂ ಕಾಣಲ್ಲ. ಪಕ್ಕಕ್ಕೆ ಬರೋ ಹಾಗೆ ನಿಂತುಕೊಳ್ಳಿ. ಜಾತ್ರೆ ಹೊತ್ತಿಗೆ ಬಿಸಿಲು ಚುರುಕು, ಸಂಜೆ ನಾಲ್ಕೂವರೆಯಿಂದ ಆರೂವರೆ ಸರಿ. ಬೇಸಿಗೆಯಲ್ಲಿ ಅಂಗೈ ಬೆವರಿ ನೂಲಿನ ಚೆಂಡು ಅಂಟಿಕೊಳ್ಳುತ್ತೆ, ಆಗ ಗ್ಲಿಸರಿನ್ ಮುಟ್ಟಲೇಬೇಡಿ, ಒಣ ಟವೆಲ್ ಒಂದೇ. ಆಷಾಢದ ಗಾಳೀಲಿ ರೇಷ್ಮೆ ಕರವಸ್ತ್ರದ ಆಟ ಬೇಡ.

ಕ್ಯೂಆರ್_ತಟ್ಟೆ | 7:02
ದುಡ್ಡಿನ ಮಾತು. ಈಗ ಟವೆಲ್ ಹಾಸಿದರೆ ಮಾತ್ರ ಸಾಲದು. ಯುಪಿಐ ಕೋಡನ್ನ ಎ3 ಅಳತೆಗೆ ಮುದ್ರಿಸಿ, ಹೊಳಪಿಲ್ಲದ ಲ್ಯಾಮಿನೇಷನ್ ಮಾಡಿಸಿ. ಹೊಳಪಿದ್ದರೆ ಬಿಸಿಲಲ್ಲಿ ಸ್ಕ್ಯಾನ್ ಆಗಲ್ಲ. ಪೆಟ್ಟಿಗೆ ಮುಚ್ಚಳದ ಒಳಗೆ ಅಂಟಿಸಿ, ತೆರೆದಾಗ ನಿಂತಿರೋ ಹಾಗೆ. ಸಣ್ಣ ಎರಡು ಪ್ರತಿ ಎಡಕ್ಕೊಂದು ಬಲಕ್ಕೊಂದು. ಪ್ರತಿ ಆಟಕ್ಕೆ ಮುಂಚೆ ನೀವೇ ಒಮ್ಮೆ ಸ್ಕ್ಯಾನ್ ಮಾಡಿ ನೋಡಿ, ಮೇಲೆ ಬೇರೆಯವರ ಸ್ಟಿಕ್ಕರ್ ಅಂಟಿಸೋದು ಉಂಟು.

ಫೋನ್ ತೆಗೆದು, ಆಪ್ ತೆರೆದು, ಪಿನ್ ಹಾಕೋಕೆ ಅರ್ಧ ನಿಮಿಷ ಬೇಕು. ಆಟ ಮುಗಿದ ಮೇಲೆ ಕೇಳಿದರೆ ಆ ಅರ್ಧ ನಿಮಿಷದಲ್ಲಿ ಗುಂಪು ಕರಗುತ್ತೆ. ಕೊನೆಯ ಬಟ್ಟಲು ಎತ್ತೋಕೆ ಮುಂಚೆ ಕೇಳಿ, ಬಟ್ಟಲ ಮೇಲೆ ಕೈ ಇಟ್ಟೇ ಕೇಳಿ.

ಗಾರುಡಿ_ಮನೆತನ | 7:10
ಹಿಂದೆಯೂ ತಟ್ಟೆ ಹಿಡಿತಿದ್ದದ್ದು ಕೊನೆ ಆಟಕ್ಕೆ ಮುಂಚೆಯೇ. ಹೊಸದೇನಲ್ಲ.

ಚಿಕ್ಕಗಡಿಯಾರ | 7:15
ಸದ್ದು ಮಾಡೋ ಡಬ್ಬಿ ಇಡಬೇಕಾ? 'ಹತ್ತು ರೂಪಾಯಿ ಸ್ವೀಕರಿಸಲಾಗಿದೆ' ಅಂತ ನಡುವೆ ಕೂಗಿದರೆ ಮಾತಿನ ಓಟ ಕೆಡುತ್ತೆ.

ಕ್ಯೂಆರ್_ತಟ್ಟೆ | 7:21
ದುಡ್ಡು ಕೇಳೋ ಆ ಒಂದು ನಿಮಿಷ ಮಾತ್ರ ಆನ್ ಮಾಡಿ. ಒಬ್ಬರದ್ದು ಕೂಗಿದರೆ ಪಕ್ಕದವರ ಕೈ ಜೇಬಿಗೆ ಹೋಗುತ್ತೆ. ಹೂವಿನ ಬಟ್ಟಲು ಎತ್ತೋಕೆ ಮುಂಚೆ ಆಫ್.

ಬೊಂಬೆಮರ | 7:44
ಅನುಮತಿ ವಿಷಯ ಮರೀಬೇಡಿ. ಆ ಜಾಗ ಸೇರೋ ಠಾಣೆಗೆ ದಿನ, ಹೊತ್ತು, ಸ್ಥಳ ಬರೆದು, 'ಧ್ವನಿವರ್ಧಕ ಇಲ್ಲ, ಬೆಂಕಿ ಇಲ್ಲ, ಪ್ರಾಣಿ ಇಲ್ಲ, ದಾರಿಗೆ ಅಡ್ಡಿ ಮಾಡಲ್ಲ' ಅಂತ ಸೇರಿಸಿ ಅರ್ಜಿ ಕೊಡಿ. ಎರಡು ಪ್ರತಿ ಒಯ್ದು, ಒಂದಕ್ಕೆ ಸೀಲು ಹಾಕಿಸಿಕೊಳ್ಳಿ. ಜಾತ್ರೆ ಆದರೆ ದೇವಸ್ಥಾನದ ಕಚೇರಿಗೂ ಒಂದು. ಹಾವು, ಮುಂಗುಸಿ ಎರಡೂ 1972ರ ವನ್ಯಜೀವಿ ಕಾಯ್ದೆ ಅಡಿ ಬರುತ್ತೆ, ಜನ ಸೇರಿಸೋಕೆ ಅಂತ ಯಾರಾದ್ರೂ ಜೊತೆಗೆ ಬರ್ತೀವಿ ಅಂದ್ರೂ ಬೇಡ ಅನ್ನಿ.

ಹಳೇಜೋಳಿಗೆ | ರಾತ್ರಿ 8:30
ಎಲ್ಲರಿಗೂ ಹೃದಯದಿಂದ ಧನ್ಯವಾದ. ನನ್ನ ಪಟ್ಟಿ: ಇಸ್ಪೀಟು, ನೋಟಿನ ಸೆಟ್ಟು, ಥಂಬ್ ಟಿಪ್ ಪೆಟ್ಟಿಗೆಯಲ್ಲೇ ಇರುತ್ತೆ. ಆಟ ಮೂರೇ. ಜನ ಸೇರೋವರೆಗೆ ರಿಂಗು, 3 ನಿಮಿಷ. ಮೂರು ಹಗ್ಗ, 4 ನಿಮಿಷ. ಬಟ್ಟಲು-ಚೆಂಡು 6 ನಿಮಿಷ: ಈರುಳ್ಳಿ, ಆಲೂಗಡ್ಡೆ, ಆಮೇಲೆ ದುಡ್ಡಿನ ಮಾತು, ಕೊನೆಗೆ ಕನಕಾಂಬರ. ಮಾತು ಬರೆಯೋದು ಇವತ್ತು ರಾತ್ರಿಯಿಂದಲೇ. ಜಾತ್ರೆಗೆ ಮುಂಚೆ ಸಣ್ಣ ಕಡೆ ಆಡಿ ನೋಡಬೇಕಲ್ಲ, ಎಲ್ಲಿ?

ಕಬ್ಬಿನಗದ್ದೆ (ಮಂಡ್ಯ) | 8:41
ಸಂತೆ. ವಾರದ ಸಂತೆ ಇರೋ ಯಾವುದಾದ್ರೂ ಸಣ್ಣ ಊರು, ಮಧ್ಯಾಹ್ನ ಮೂರರ ಮೇಲೆ, ಯಾಪಾರ ಇಳಿದ ಹೊತ್ತು. ಒಂದೇ ದಿನ ಮೂರು ಸಲ ಆಡಿ, ನಡುವೆ ಮುಕ್ಕಾಲು ಗಂಟೆ ಬುಟ್ಟು. ಮೊದಲನೇದ್ರಲ್ಲಿ ದುಡ್ಡು ಕೇಳ್ಬ್ಯಾಡಿ, ಜನ ಎಷ್ಟೊತ್ತು ನಿಂತ್ರು ಅಂತ ಮಾತ್ರ ಗಡಿಯಾರ ನೋಡ್ಕಳಿ. ಚನ್ನಪಟ್ಟಣದ ಬಟ್ಟಲು ಬೇಕು ಅಂದ್ರೆ ಮಾಡೋರಿಗೆ ಈಗ್ಲೇ ಹೇಳ್ಬುಡಿ.

ಕನಕಾಂಬರ | 8:50
ಹೂವನ್ನ ಆಟದ ದಿನ ಬೆಳಿಗ್ಗೆ ದೇವರಾಜ ಮಾರುಕಟ್ಟೆಯಲ್ಲೇ ತಗೊಳ್ಳಿ, ಸಂಜೆವರೆಗೂ ಬಾಳೆ ಎಲೆಯಲ್ಲಿ ಇರುತ್ತೆ. ದಾರದಲ್ಲಿ ಕಟ್ಟಿದ್ದು ಕೇಳಿ. ಬಾಳೆನಾರಲ್ಲಿ ಕಟ್ಟಿದ್ದು ಒಣಗಿದ ಮೇಲೆ ಸುರುಳಿ ಬಿಚ್ಚಲ್ಲ.